ಬಿಸಿಯಾಗದ ಓವನ್‌ಗಳು

ಫೋನು ಎರಡನೇ ಸಲ ನಡುಗಿದಾಗ ಅವಳ ಕೈಯಲ್ಲಿ ರಬ್ಬರ್ ಕೋಳಿಯಿತ್ತು. ಒದ್ದೆ ಬಟ್ಟೆಯಿಂದ ಅದರ ತೊಡೆಸಂದಿಯ ಧೂಳು ಒರೆಸುತ್ತಿದ್ದಳು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅವಳ ಮೊದಲ ಕೆಲಸ ಅದೇ: ಕೋಳಿಗೆ ಸ್ನಾನ, ಪ್ಲಾಸ್ಟಿಕ್ ಕೇಕಿಗೆ ಸ್ನಾನ, ಮೇಣದ ಬಿಸ್ಕತ್ತುಗಳಿಗೆ ಬರೀ ಬ್ರಷ್ಷು. ಆಮೇಲೆ ಗೋಡೆಯುದ್ದಕ್ಕೂ ಸಾಲಾಗಿ ನಿಂತ ಓವನ್‌ಗಳ ಬಾಗಿಲು ತೆರೆದು, ಒಂದೊಂದರ ಹೊಟ್ಟೆಗೆ ಒಂದೊಂದನ್ನು ಸೇರಿಸಿ, ದೀಪ ಹಚ್ಚಿ, ಗಾಜಿನ ಮೇಲೆ ಬಿದ್ದ ತನ್ನ ಮುಖವನ್ನೂ ಸೇರಿಸಿ ಒರೆಸುವುದು. ಫೋನು ಯಾರದೆಂದು ನೋಡಬೇಕಾಗಿರಲಿಲ್ಲ. ಇಷ್ಟು ಹೊತ್ತಿಗೇ ಅವಳನ್ನು ನೆನೆಸಿಕೊಳ್ಳುವವಳು ಈ ಪ್ರಪಂಚದಲ್ಲಿ ತಂಗಿಯೊಬ್ಬಳೇ, ಅದೂ ಕೇಕು ಹಾಳಾದಾಗ.

“ಅಕ್ಕಾ, ಮೂರನೇದೂ ಹೋಯ್ತು. ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು. ಚಾಕು ಹಾಕಿದ್ರೆ ಕೆಸರಲ್ಲಿ ಹಾಕಿದ ಹಾಗೆ ಆಗತ್ತೆ.”

“ಫ್ಯಾನ್ ಹಾಕಿದ್ಯಾ?”

“ನೀನು ಹೇಳಿದ ಹಾಗೇ. ಫ್ಯಾನ್ ಇರೋ ಚಿತ್ರಕ್ಕೇ ತಿರುಗಿಸ್ದೆ.”

“ಹಾಗಿದ್ರೆ ಹಾಳಾಗೋಕೆ ಸಾಧ್ಯಾನೇ ಇಲ್ಲ. ಹಿಟ್ಟು ನೀರಾಗಿರ್ಬೇಕು.”

“ನೀರಾಗಿರ್ಲಿಲ್ಲ ಅಕ್ಕಾ.”

“ಮೊಟ್ಟೆ ತಣ್ಣಗಿತ್ತೇನೋ. ಫ್ರಿಜ್‌ನಿಂದ ತೆಗೆದು ಹಾಗೇ ಒಡೆದಿರ್ತೀಯ.” ಮೊಟ್ಟೆಯ ಮಾತು ಎಲ್ಲಿಂದ ಬಂತೆಂದು ಅವಳಿಗೇ ಗೊತ್ತಾಗಲಿಲ್ಲ. ಬಾಯಿ ತೆರೆದರೆ ಸಾಕು, ಇಂಥವು ತಾವಾಗಿ ಉದುರುತ್ತಿದ್ದವು. ಆ ಕಡೆ ತಂಗಿ ಸುಮ್ಮನಾದಳು. ಮೊಟ್ಟೆಯ ಮೇಲೆ ತಪ್ಪು ಹೊರಿಸುವುದೋ ತನ್ನ ಮೇಲೆ ಹೊರಿಸಿಕೊಳ್ಳುವುದೋ ಎಂದು ಲೆಕ್ಕ ಹಾಕುವ ಹಾಗಿತ್ತು ಆ ಮೌನ. “ಸಂಜೆ ಕೆಲಸ ಮುಗಿಸ್ಕೊಂಡು ನೇರ ಅಲ್ಲಿಗೇ ಬರ್ತೀನಿ,” ಎಂದು ಫೋನು ಇಟ್ಟಾಗ ಕೋಳಿಯ ಕಾಲಿನಿಂದ ನೀರು ತೊಟ್ಟಿಕ್ಕಿ ಚಪ್ಪಲಿ ಒದ್ದೆಯಾಗಿತ್ತು.

ನಾಳೆ ಬೆಳಿಗ್ಗೆ ತಂಗಿಯ ಬೀದಿಯಲ್ಲೇ ಇರುವ ಆಫೀಸಿನ ಸೂಪರಿಂಟೆಂಡೆಂಟರ ಬೀಳ್ಕೊಡುಗೆ. ಕೇಕು ತಂಗಿಯದು. ಚೆನ್ನಾಗಿ ಬಂದರೆ ಇನ್ನು ಮುಂದೆ ಆ ಆಫೀಸಿನಲ್ಲಿ ಯಾರು ಹುಟ್ಟಲಿ ಯಾರು ನಿವೃತ್ತರಾಗಲಿ ಕೇಕು ಇವಳ ಮನೆಯಿಂದಲೇ ಎಂದು ಮಾತಾಗಿತ್ತು, ಬರದಿದ್ದರೆ ಕೇಳುವವರಾರು. ಬಟ್ಟೆ ಹೊಲಿಯುವ ಅಂಗಡಿ ಮುಚ್ಚಿ ಕೆಲಸ ಹೋದ ಮೇಲೆ ತಂಗಿ ಎರಡು ತಿಂಗಳು ಕಿಟಕಿ ನೋಡುತ್ತ ಕೂತಿದ್ದಳು. ಆಗ ಓವನ್ ತೆಗೆದುಕೋ ಎಂದವಳು ತಾನೇ. ಯಾವುದು ತೆಗೆದುಕೊಳ್ಳಬೇಕೆಂದು ಬೆರಳಿಟ್ಟು ತೋರಿಸಿದವಳೂ ತಾನೇ. ಅದು ಮನೆಗೆ ಬಂದ ದಿನ ತಂಗಿಯ ಗಂಡ ಗಾಜಿನೊಳಗೆ ಇಣುಕಿ, “ಇದೂ ಒಂದು ಟೀವೀನೇ ಅನ್ನಿ. ಮುಂದೆ ಕುರ್ಚಿ ಹಾಕ್ಕೊಂಡು ನೋಡ್ತಾ ಕೂತ್ಕೊಳ್ಳೋದು,” ಎಂದು ನಕ್ಕಿದ್ದ. ಕೆಟ್ಟವನಲ್ಲ. ಆದರೆ ಆ ನಗು ಈಗ ದಿನಾ ಸಂಜೆ ಆ ಮನೆಗೆ ಬರುತ್ತಿತ್ತು. ಈ ಕೇಕೂ ಕೈಕೊಟ್ಟರೆ ಓವನ್ ಮೇಲೆ ಬಟ್ಟೆ ಹೊದಿಸಿ ಅದರ ಮೇಲೆ ಹೂದಾನಿ ಇಡುತ್ತೇನೆ ಎಂದಿದ್ದಳು ತಂಗಿ. ಅವಳು ಅಂದರೆ ಅಂದದ್ದೇ. ಆಮೇಲೆ ಮತ್ತೆ ಕಿಟಕಿ.

ಅಂಗಡಿಯಲ್ಲಿ ಅವಳ ಹೆಸರು ಟೀಚರಮ್ಮ. ಮ್ಯಾನೇಜರ್ ಇಟ್ಟದ್ದು, ಹೊಗಳಲಿಕ್ಕೋ ಆಡಿಕೊಳ್ಳಲಿಕ್ಕೋ ಎಂದು ಇಷ್ಟು ವರ್ಷವಾದರೂ ಬಗೆಹರಿದಿಲ್ಲ. ಜನ ಬಂದು ಓವನ್‌ಗಳ ಮುಂದೆ ಕಣ್ಣು ಕಣ್ಣು ಬಿಟ್ಟು ನಿಂತಾಗ ಅವಳು ಮುಂದೆ ಬಂದು ಪಾಠ ಶುರು ಮಾಡಬೇಕು. ಮೇಲೊಂದು ಗೆರೆ ಕೆಳಗೊಂದು ಗೆರೆ ಇದೆಯಲ್ಲ, ಅದು ಮೇಲಿಂದಲೂ ಕೆಳಗಿಂದಲೂ ಕಾವು ಬರೋದು, ಗಾಳಿ ಆಡೋದಿಲ್ಲ, ನಿಧಾನವಾಗಿ ಉಬ್ಬಬೇಕಾದ ಎತ್ತರದ ಕೇಕಿಗೆ, ಬ್ರೆಡ್ಡಿಗೆ ಅದೇ ಸರಿ, ಮಧ್ಯದ ಅಂತಸ್ತಿನಲ್ಲಿ ಒಂದೇ ಟ್ರೇ ಇಡಿ. ಫ್ಯಾನಿನ ಚಿತ್ರ ಬಂದರೆ ಬಿಸಿಗಾಳಿ ಒಳಗೆಲ್ಲ ಸುತ್ತುತ್ತೆ, ಎರಡು ಮೂರು ಟ್ರೇ ಬಿಸ್ಕತ್ತು ಒಟ್ಟಿಗೆ ಇಡಬಹುದು, ತರಕಾರಿ ಗರಿಗರಿಯಾಗುತ್ತೆ, ಆದರೆ ಅದು ಬೇಗ ಬೇಯಿಸೋದರಿಂದ ಕಾವು ಸ್ವಲ್ಪ ಇಳಿಸಬೇಕು. ಕೆಳಗೆ ಮಾತ್ರ ಗೆರೆಯಿದ್ದರೆ ತಳ ಹಸಿಯಾಗಿ ಉಳಿಯೋ ತಿನಿಸುಗಳಿಗೆ, ಕೊನೇಲಿ ಸ್ವಲ್ಪ ಹೊತ್ತು. ಮೇಲೆ ಹಲ್ಲು ಹಲ್ಲಿನ ಗೆರೆ ಗ್ರಿಲ್, ನೇರ ಬೆಂಕಿ ಇದ್ದ ಹಾಗೆ, ಬೆಂದದ್ದರ ಮೇಲೆ ಬಣ್ಣ ಬರಿಸೋಕೆ ಮಾತ್ರ, ಹತ್ತಿರವೇ ನಿಂತು ನೋಡ್ತಿರಬೇಕು, ಮೈಮರೆತರೆ ಕರಕಲು. ಹೇಳುತ್ತ ಹೇಳುತ್ತ ಅವಳ ಕೈಗಳು ಗಾಳಿಯಲ್ಲಿ ಕಾವು ಬಿಡಿಸುತ್ತಿದ್ದವು. ಜನ ತಲೆಯಾಡಿಸುತ್ತಿದ್ದರು. ಕೆಲವರು ಮನೆಗೆ ಹೋದ ಮೇಲೂ ಫೋನು ಮಾಡಿ ಕೇಳುತ್ತಿದ್ದರು. ಅವಳು ಹೇಳುತ್ತಿದ್ದುದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಓವನ್ನಿನ ಜೊತೆ ಬರುವ ಪುಸ್ತಕದಲ್ಲಿ ಇದ್ದದ್ದೇ ಎಲ್ಲ.

ಆದರೆ ಅಂಗಡಿಯ ಓವನ್‌ಗಳು ಬಿಸಿಯಾಗುತ್ತಿರಲಿಲ್ಲ. ಪ್ರದರ್ಶನಕ್ಕಿಟ್ಟವನ್ನು ಡೆಮೊಗೆ ಹಾಕಿಡುವುದು ಈ ದಂಧೆಯ ಪದ್ಧತಿ: ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಅಂಕಿಗಳು ಏರುತ್ತ ಹೋಗಿ ಇನ್ನೂರಕ್ಕೆ ನಿಂತು ಟಿಣ್ ಅನ್ನುತ್ತವೆ, ಒಳಗಿನ ಕಾಯಿಲ್ ಮಾತ್ರ ಕಾಯುವುದಿಲ್ಲ. ಮನೆಯಲ್ಲಿ ಅವಳಿಗಿದ್ದದ್ದು ಎರಡು ಬರ್ನರಿನ ಗ್ಯಾಸ್ ಒಲೆ. ಓವನ್ ಇಡಬೇಕೆಂದರೆ ಗಂಡನನ್ನೋ ಫ್ರಿಜ್ಜನ್ನೋ ಹೊರಗೆ ಹಾಕಬೇಕು. ಒಂದೇ ಒಂದು ಬಿಸ್ಕತ್ತನ್ನೂ ಅವಳು ಜನ್ಮದಲ್ಲಿ ಬೇಯಿಸಿದ್ದಿಲ್ಲ. ಇದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ತಂಗಿಯಂತೂ ಕೇಳುವ ಪೈಕಿಯೇ ಅಲ್ಲ. ಚಿಕ್ಕವಳಿದ್ದಾಗ ರಸ್ತೆಯಲ್ಲಿ ನಡೆದು ಬರುತ್ತ, ಚಂದಮಾಮ ಯಾಕೆ ನಮ್ಮ ಹಿಂದೇನೇ ಬರ್ತಾನೆ ಅಕ್ಕಾ ಎಂದರೆ, ನಮ್ಮಪ್ಪನಿಗೆ ಗೊತ್ತಿರೋನು ಅವನು, ಮನೆ ತನಕ ಬಿಟ್ಟು ಹೋಗ್ತಾನೆ ಎಂದು ಹೇಳಿಬಿಟ್ಟಿದ್ದಳು. ತಂಗಿ ಬಾಗಿಲಲ್ಲಿ ನಿಂತು ಚಂದ್ರನಿಗೆ ಕೈಬೀಸಿ ಒಳಗೆ ಬಂದಿದ್ದಳು. ಆ ಕೈಬೀಸುವಿಕೆ ನೋಡಿದಾಗ ಆದ ಸಂತೋಷ, ಅದನ್ನು ಏನೆನ್ನಬೇಕು, ಆಮೇಲೆ ಮದುವೆಯಲ್ಲೂ ಮಕ್ಕಳಾದಾಗಲೂ ಅವಳಿಗೆ ಅಷ್ಟು ಆಗಿರಲಿಲ್ಲ. ತನ್ನ ಮಾತನ್ನು ಒಬ್ಬರು ಹಾಗೇ ನಂಬುವುದು.

“ಏನಮ್ಮಾ, ಇದು ತಣ್ಣಗಿದೆಯಲ್ಲಾ?”

ಮಗ ಸೊಸೆಯ ಜೊತೆ ಬಂದಿದ್ದ ದಪ್ಪ ಕನ್ನಡಕದ ಹೆಂಗಸು ಓವನ್ನಿನ ಗಾಜಿನ ಮೇಲೆ ಅಂಗೈ ಊರಿ ನಿಂತಿದ್ದಳು. ಮೇಲೆ ಹಸಿರು ಅಂಕಿಯಲ್ಲಿ ಇನ್ನೂರು ಹೊಳೆಯುತ್ತಿತ್ತು. ಅಷ್ಟು ಹೊತ್ತು ಪಾಠ ಕೇಳಿ ತಲೆಯಾಡಿಸಿದ್ದ ಸೊಸೆ ಈಗ ಅತ್ತೆಯ ಅಂಗೈಯನ್ನೂ ಅವಳನ್ನೂ ನೋಡಿದಳು.

“ಇದು ಡೆಮೊ ಅಮ್ಮಾ, ತೋರ್ಸೋಕೆ ಮಾತ್ರ.”

“ಹಾಗಾದ್ರೆ ಬಿಸಿ ಮಾಡಿ ತೋರ್ಸು. ಏನಾದ್ರೂ ಬೇಯ್ಸಿ ತೋರ್ಸು. ನಾವು ಕಾಯ್ತೀವಿ, ನಮಗೇನು ರೈಲು ತಪ್ಪತ್ತಾ?”

ಅವಳು ಬಾಯಿ ತೆರೆದಳು. ಮ್ಯಾನೇಜರ್ ಎಲ್ಲಿದ್ದನೋ ಹಾರಿ ಬಂದ. ಈ ಕಡೆ ವೈರಿಂಗ್ ಸ್ವಲ್ಪ ತೊಂದರೆ ಮೇಡಮ್, ನಾಳೆ ರಿಪೇರಿಯವನು ಬರ್ತಾನೆ, ನೀವು ಆ ಕಡೆ ವಾಷಿಂಗ್ ಮೆಷಿನ್ ನೋಡಿದ್ರಾ ಎಂದು ಮೂವರನ್ನೂ ಎಮ್ಮೆ ಹೊಡೆದುಕೊಂಡು ಹೋಗುವವನ ಹಾಗೆ ಹೊಡೆದುಕೊಂಡು ಹೋದ. ಆ ಹೆಂಗಸು ಹೋಗುತ್ತ ಸೊಸೆಗೆ ಹೇಳಿದ್ದು ಅವಳಿಗೂ ಕೇಳಿಸಲಿ ಎಂದೇ ಇತ್ತು: “ಮಾತು ಬಿಸಿ, ಪೆಟ್ಟಿಗೆ ತಣ್ಣಗೆ.” ತಿರುಗಿ ಬಂದ ಮ್ಯಾನೇಜರ್, “ಟೀಚರಮ್ಮಾ, ಗಾಜು ಮುಟ್ಟೋಕೆ ಬಿಡ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?” ಎಂದ. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಚಿಕ್ಕವನು. ಅವಳು ಬಟ್ಟೆ ತೆಗೆದುಕೊಂಡು ಗಾಜಿನ ಮೇಲಿನ ಅಂಗೈ ಗುರುತನ್ನು ಒರೆಸಿದಳು. ಅದು ಸುಲಭವಾಗಿ ಹೋಗಲಿಲ್ಲ, ಎಣ್ಣೆ ಕೈ. ಒರೆಸುತ್ತ ಒರೆಸುತ್ತ ಸಿಟ್ಟು ಬಂತು, ಆ ಹೆಂಗಸಿನ ಮೇಲೆ, ಮ್ಯಾನೇಜರನ ಮೇಲೆ, ಕೇಕು ಹಾಳು ಮಾಡಿಕೊಂಡು ದಿನಾ ಬೆಳಿಗ್ಗೆ ಫೋನು ಮಾಡುವ ತಂಗಿಯ ಮೇಲೆ.

ಊಟದ ಹೊತ್ತಿಗೆ ಗೋಡೌನಿನಲ್ಲಿ ಪೆಟ್ಟಿಗೆಗಳ ನಡುವೆ ಡಬ್ಬಿ ಬಿಚ್ಚಿ ಕೂತಳು. ಎದುರಿಗಿದ್ದದ್ದು ತಂಗಿಯ ಮನೆಯಲ್ಲಿರುವ ಓವನ್ನಿನದೇ ಪೆಟ್ಟಿಗೆ. ತಿನ್ನುವಾಗ ಕಣ್ಣಿಗೆ ಬೇರೆ ಕೆಲಸವಿಲ್ಲದ್ದರಿಂದ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಗುಂಡಿಯ ಚಿತ್ರಗಳನ್ನು ನೋಡುತ್ತಿದ್ದಳು. ಫ್ಯಾನು. ಮತ್ತೊಂದು ಫ್ಯಾನು. ಇನ್ನೊಂದು ಫ್ಯಾನು. ತುತ್ತು ಬಾಯಲ್ಲೇ ನಿಂತಿತು. ಅವಳು ದಿನಾ ಪಾಠ ಹೇಳುವ ಓವನ್ನಿನಲ್ಲಿ ಫ್ಯಾನಿನ ಚಿತ್ರ ಒಂದೇ. ಇದರಲ್ಲಿ ಮೂರು: ಸುತ್ತ ಬಳೆಯಿರುವ ಫ್ಯಾನು, ತಳದಲ್ಲಿ ಗೆರೆಯಿರುವ ಫ್ಯಾನು, ತಲೆಯ ಮೇಲೆ ಹಲ್ಲಿನ ಗೆರೆಯಿರುವ ಫ್ಯಾನು. ಕೊನೆಯದು ಗ್ರಿಲ್ಲು ಮತ್ತು ಫ್ಯಾನು ಒಟ್ಟಿಗೆ, ದೊಡ್ಡ ಮಾಂಸದ ತುಂಡು ಸುಡಲಿಕ್ಕೆ. ಗುಂಡಿ ತಿರುಗಿಸಿದರೆ ಮೊದಲು ಸಿಗುವುದೂ ಅದೇ. ಪಾಪದ ಹುಡುಗಿ ಮೂರು ಕೇಕನ್ನು ಗ್ರಿಲ್ಲಿನ ಕೆಳಗೆ ಇಟ್ಟು ಸುಟ್ಟಿದ್ದಾಳೆ. ಅದಿರಲಿ, ಅಷ್ಟು ಎತ್ತರದ ಕೇಕಿಗೆ ಫ್ಯಾನೇ ಬೇಡವಾಗಿತ್ತು. ದಿನಾ ತನ್ನ ಬಾಯಿಂದಲೇ ಹೇಳುವ ಮಾತು. ತಂಗಿಗೆ ಮಾತ್ರ ಫ್ಯಾನು ಫ್ಯಾನು ಎಂದದ್ದು ಯಾಕೆ? ಆ ಓವನ್ ತೋರಿಸಿದ್ದೇ ಫ್ಯಾನಿಗಾಗಿ, ಅದಕ್ಕೆ. ತೆಗೆದುಕೊಂಡದ್ದು ಸಾರ್ಥಕ ಅನಿಸಲಿ ಎಂದು.

ಫೋನು ಕೈಗೆ ತೆಗೆದುಕೊಂಡಳು. ತಂಗಿಯ ಹೆಸರಿನ ಮೇಲೆ ಬೆರಳು ಹೋಯಿತು. ಮೇಲೊಂದು ಕೆಳಗೊಂದು ಗೆರೆಯ ಚಿತ್ರಕ್ಕೆ ತಿರುಗಿಸು ಅಂದರೆ ಮುಗಿಯಿತು, ಒಂದು ಉಸಿರಿನ ಮಾತು. ಮತ್ತೆ ಬೆಳಿಗ್ಗೆ ಮೊಟ್ಟೆ ಅಂದೆಯಲ್ಲ ಅಕ್ಕಾ? ಹಿಟ್ಟು ನೀರಾಗಿದೆ ಅಂದೆಯಲ್ಲ? ಇಲ್ಲ, ತಂಗಿ ಹಾಗೆ ಕೇಳುವವಳಲ್ಲ, ಸುಮ್ಮನಾಗುತ್ತಾಳೆ. ಆ ಮೌನವೇ ಬೇಡ. ಬೆಳಿಗ್ಗೆಯಿಂದ ಒಂದು ಅಂಗೈ ಗುರುತು ಒರೆಸಿ ಸಾಕಾಗಿದೆ. ಸಂಜೆ ಹೇಗೂ ಹೋಗುತ್ತೇನಲ್ಲ, ಹೋಗಿ ಸುಮ್ಮನೆ ಗುಂಡಿ ತಿರುಗಿಸಿದರಾಯಿತು, ಅವಳಿಗೆ ಗೊತ್ತೂ ಆಗುವುದಿಲ್ಲ. ಫೋನನ್ನು ಚೀಲಕ್ಕೆ ಹಾಕಿ ಡಬ್ಬಿ ಮುಚ್ಚಿದಳು. ಮಧ್ಯಾಹ್ನವೆಲ್ಲ ಬಂದವರಿಗೆ ಪಾಠ ಹೇಳಿದಳು, ಎಂದಿಗಿಂತ ಜೋರಾಗಿ.

ತಂಗಿಯ ಮನೆಯ ಮೆಟ್ಟಿಲು ಹತ್ತುವಾಗಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬೆಳಿಗ್ಗೆಯದು ಇಷ್ಟು ಹೊತ್ತು ಉಳಿಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅಡುಗೆಮನೆಯಲ್ಲಿ ಸಿಂಕಿನ ಪಕ್ಕ ಇನ್ನೊಂದು ಕೇಕು ಕೂತಿತ್ತು, ನೆತ್ತಿ ಕಪ್ಪಗೆ ಒಡೆದು, ಒಡೆದಲ್ಲಿಂದ ಹಳದಿ ಹಿಟ್ಟು ಉಕ್ಕಿ ಒಣಗಿಕೊಂಡು. ತಂಗಿ ಮತ್ತೆ ಹಿಟ್ಟು ಕಲಸುತ್ತಿದ್ದಳು, ಕೂದಲಲ್ಲಿ ಮೈದಾ. “ನೀನು ಹೇಳಿದ್ದಕ್ಕೆ ಮೊಟ್ಟೇನ ಬೆಳಿಗ್ಗೇನೇ ಹೊರಗಿಟ್ಟಿದ್ದೆ. ಬಿಸಿಲಲ್ಲೇ ಇಟ್ಟಿದ್ದೆ ಅಕ್ಕಾ,” ಎಂದಳು. ಅದರಲ್ಲಿ ಯಾವ ಚುಚ್ಚೂ ಇರಲಿಲ್ಲ. “ಇರೋದು ಇನ್ನು ಇದೊಂದಕ್ಕೆ ಆಗೋ ಅಷ್ಟೇ ಬೆಣ್ಣೆ. ಇದೂ ಹೋದ್ರೆ ಆಫೀಸಿನವರ ಮನೆಗೆ ಹೋಗಿ ಬೇರೆ ಕಡೆ ನೋಡ್ಕೊಳ್ಳಿ ಅಂತ ಹೇಳಿ ಬರ್ಬೇಕು. ಇವರನ್ನೇ ಕಳಿಸ್ತೀನಿ, ನನ್ನ ಕೈಲಾಗಲ್ಲ.”

ಓವನ್ ಕಾಯುತ್ತಿತ್ತು. ತಂಗಿಯ ಬೆನ್ನು ತಿರುಗಿದ್ದಾಗ ಅವಳು ಹೋಗಿ ಗುಂಡಿಯನ್ನು ಎರಡು ಗೆರೆಯ ಚಿತ್ರಕ್ಕೆ ತಿರುಗಿಸಿದಳು. ಫ್ಯಾನಿನ ಸದ್ದು ನಿಂತುಹೋಯಿತು. ಅದು ಸದ್ದು ಮಾಡುತ್ತಿತ್ತು ಎಂಬುದೇ ಅವಳ ಲೆಕ್ಕದಲ್ಲಿರಲಿಲ್ಲ.

“ಫ್ಯಾನ್ ಬೇಡ್ವಾ?”

“ಈ ಹಿಟ್ಟಿಗೆ ಬೇಡ.”

“ಅದೇ ಹಿಟ್ಟೇ ಅಲ್ವಾ?”

“ನೋಡು, ಎತ್ತರದ ಕೇಕಿಗೆ ಗಾಳಿ ಆಡಬಾರದು, ಮೇಲಿಂದ ಕೆಳಗಿಂದ ಸಮನಾಗಿ ಕಾವು ಬರ್ಬೇಕು, ಗಾಳಿ ಹೊಡೆದ್ರೆ ಮೇಲ್ಗಡೆ ಬೇಗ ಗಟ್ಟಿಯಾಗಿ ಒಳಗಿಂದು ಉಬ್ಬೋಕೆ ದಾರಿ ಇಲ್ದೆ ಒಡೆದುಕೊಳ್ಳತ್ತೆ...” ಶುರುವಾದ ಮೇಲೆ ನಿಲ್ಲಲಿಲ್ಲ. ಅಂಗಡಿಯಲ್ಲಿ ನಿಂತಂತೆಯೇ ನಿಂತಿದ್ದಳು, ಎಡಗೈ ಸೊಂಟದ ಮೇಲೆ, ಕೊರಳು ಸ್ವಲ್ಪ ವಾರೆ. ತಂಗಿ ಹಿಟ್ಟನ್ನು ಟಿನ್ನಿಗೆ ಸುರಿಯುತ್ತ, ಯಾವ ಅಂತಸ್ತಿನಲ್ಲಿ ಇಡಲಿ ಎಂದು ಕೇಳಿದಳು. “ಮಧ್ಯದ ಅಂತಸ್ತು. ಜಾಲರಿಯನ್ನ ಹೀಗೆ ಈಚೆಗೆ ಎಳ್ಕೊಂಡು,” ಎಂದು ಅವಳು ದಿನಾ ಮಾಡುವ ಹಾಗೆ ಬಲಗೈಯಿಂದ ಬಾಗಿಲು ಇಳಿಸಿ, ಅದೇ ಕೈಯನ್ನು ಒಳಗೆ ಹಾಕಿ, ಕಂಬಿಗಳ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದಳು.

ಮುಖಕ್ಕೆ ಬಡಿದದ್ದು ಕಾವೆಂದು ತಿಳಿಯುವ ಮೊದಲೇ ಕೈ ಹಿಡಿದಾಗಿತ್ತು. ಕೂಗಿದ್ದು ತಾನೋ ತಂಗಿಯೋ ಗೊತ್ತಾಗಲಿಲ್ಲ. ತಂಗಿ ಅವಳ ಮಣಿಕಟ್ಟು ಹಿಡಿದು ಎಳೆದೊಯ್ದು ನಲ್ಲಿಯ ಕೆಳಗೆ ಒಡ್ಡಿದಳು. ಅಂಗೈಗೆ ಅಡ್ಡಲಾಗಿ ಬಿಳಿಯ ಗೆರೆಗಳು, ನೋಡುತ್ತಿದ್ದಂತೆ ಕೆಂಪಾದವು. ನೋವಿಗಿಂತ ಮೊದಲು ಅವಳಿಗೆ ಬಂದದ್ದು ಆಶ್ಚರ್ಯ: ಇಷ್ಟು ಬಿಸಿಯಿರುತ್ತದೆಯೇ! ಇನ್ನೂರು ಇನ್ನೂರು ಎಂದು ಇಷ್ಟು ವರ್ಷ ಹೇಳಿದ್ದು ಇದನ್ನೇ?

“ಯಾರಾದ್ರೂ ಕಾದಿರೋ ಓವನ್ ಒಳಗೆ ಬರಿಗೈ ಹಾಕ್ತಾರಾ?” ತಂಗಿ ಬೈಯುತ್ತಲೇ ಇದ್ದಳು. “ಗೋಡೆ ಮೇಲೆ ಇಷ್ಟು ದಪ್ಪ ಗವಸು ನೇತಾಡ್ತಿದೆ, ಕಣ್ಣಿಗೆ ಕಾಣಲ್ವಾ? ಅಂಗಡೀಲೂ ಹೀಗೇನಾ ನೀನು...” ಅಲ್ಲಿಗೆ ಮಾತು ನಿಂತಿತು. ನೀರು ಸುರಿಯುತ್ತಿತ್ತು. “ಅಂಗಡೀಲಿ ಓವನ್ ಬಿಸಿಯಾಗಲ್ವಾ ಅಕ್ಕಾ?”

“ಇಲ್ಲ. ತೋರ್ಸೋಕಿಟ್ಟಿರೋವು.”

“ಯಾವತ್ತೂ?”

ಅವಳು ತಲೆಯಾಡಿಸಿದಳು. ತಂಗಿಗೆ ನಗು ಬಂತು. ನಿಜವಾದ ನಗು, ಹೊಟ್ಟೆ ಹಿಡಿದುಕೊಳ್ಳುವಂಥದ್ದು. ಅಯ್ಯೋ ದೇವರೇ, ನಾನು ಹೋಗಿ ಹೋಗಿ ನಿನ್ನ ಕೇಳ್ತಿದ್ದೆನಲ್ಲಾ ಎಂದು ನಗುತ್ತಿದ್ದವಳ ಜೊತೆ ಅವಳೂ ನಗಲು ನೋಡಿದಳು. ಇಲ್ಲಿಗೇ ಮುಗಿದರೆ ಎಷ್ಟು ಚೆನ್ನಾಗಿತ್ತು. ಆದರೆ ತಂಗಿಯ ಕಣ್ಣು ಗುಂಡಿಯ ಕಡೆ ಹೋಯಿತು, ಅಲ್ಲಿಂದ ಸಿಂಕಿನ ಪಕ್ಕದ ಕೇಕಿಗೆ, ಅಲ್ಲಿಂದ ಅವಳ ಮುಖಕ್ಕೆ.

“ಬಂದವಳೇ ಗುಂಡಿ ತಿರುಗಿಸ್ದೆ. ಒಳಗೆ ನೋಡ್ಲೂ ಇಲ್ಲ, ಒಂದು ಮಾತು ಕೇಳ್ಲೂ ಇಲ್ಲ. ಬರೋ ಮುಂಚೇನೇ ಗೊತ್ತಿತ್ತು ನಿನಗೆ.”

ಅವಳು ಎಡಗೈಯಿಂದ ನಲ್ಲಿ ನಿಲ್ಲಿಸಿದಳು.

“ಯಾವಾಗ ಗೊತ್ತಾಯ್ತು?”

“ಊಟಕ್ಕೆ ಕೂತಾಗ.”

“ಈ ಸುಟ್ಟಿದ್ದನ್ನ ನಾನು ಒಳಗಿಟ್ಟಿದ್ದು ಅದಾದ ಮೇಲೆ,” ಎಂದಳು ತಂಗಿ. ಜೋರಾಗಿ ಹೇಳಲಿಲ್ಲ. ಗವಸು ಹಾಕಿಕೊಂಡು, ಜಾಲರಿಯ ಮೇಲೆ ಟಿನ್ನು ಇಟ್ಟು, ಒಳಗೆ ತಳ್ಳಿ, ಬಾಗಿಲು ಮುಚ್ಚಿದಳು. ಆಮೇಲೆ ಒದ್ದೆ ಬಟ್ಟೆ ತಂದು ಅಕ್ಕನ ಕೈಗೆ ಸುತ್ತಿದಳು, ಗಟ್ಟಿಯಾಗಿ ಅಲ್ಲ, ಸಡಿಲವಾಗಿ, ಜೋಪಾನವಾಗಿ. “ಗೊತ್ತಿಲ್ಲ ಅಂದಿದ್ರೆ ನಾನೇ ಕಣ್ಣಿಟ್ಟು ಆ ಚಿತ್ರಗಳನ್ನ ನೋಡ್ತಿದ್ದೆ ಅಕ್ಕಾ. ನೀನು ಗೊತ್ತು ಅಂದೆ ಅಂತ ನೋಡ್ಲಿಲ್ಲ.”

ಇಬ್ಬರೂ ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಅವಳು ಕೇಕು ಬೇಯುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದು ಅದೇ ಮೊದಲು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಂಚುಗಳು ಸಣ್ಣಗೆ ಎದ್ದವು, ನಡುವಿನ ಹಿಟ್ಟು ನಿದ್ದೆಯಲ್ಲಿರುವ ಮಗುವಿನ ಹೊಟ್ಟೆಯ ಹಾಗೆ ಮೇಲೆ ಬಂತು, ಬಣ್ಣ ಎಲ್ಲಿಂದ ಶುರುವಾಯಿತೆಂದು ಹೇಳಲಾಗದಂತೆ ಎಲ್ಲ ಕಡೆಯಿಂದ ಬಂತು. ಕೈಯಲ್ಲಿ ಉರಿ ಬಡಿದುಕೊಳ್ಳುತ್ತಿತ್ತು. ನಡುವೆ ಒಮ್ಮೆ, ಈಗಲೇ ಬಾಗಿಲು ತೆಗೀಬಾರದು, ತಗ್ಗತ್ತೆ, ಎಂಬ ಮಾತು ನಾಲಿಗೆ ತುದಿಗೆ ಬಂದು ನಿಂತಿತು. ನಿಜವಾದ ಮಾತೇ. ನುಂಗಿಕೊಂಡಳು. ತಂಗಿ ತೆಗೆಯಲೂ ಇಲ್ಲ. ಮೂಗು ಮುಂದೆ ಮಾಡಿ ವಾಸನೆ ಹಿಡಿಯುತ್ತಿದ್ದಳು. ಕೊನೆಗೆ ಎದ್ದು ಕಡ್ಡಿ ಚುಚ್ಚಿ, ದೀಪಕ್ಕೆ ಹಿಡಿದು ನೋಡಿ, ಕೇಕನ್ನು ಹೊರಗೆ ತೆಗೆದಳು. ನಾಲ್ಕೂ ಕಡೆ ಸಮ, ನೆತ್ತಿಯ ಮೇಲೆ ಒಂದು ಸೀಳೂ ಇಲ್ಲ. ತಂಗಿಯ ಮುಖ ಅರಳಿದ್ದು ಕಂಡು ಅವಳಿಗೆ ಸಂತೋಷವಾಯಿತು. ಆ ಸಂತೋಷದ ಕೆಳಗೇ ಹೊಟ್ಟೆ ಉರಿಯಿತು. ತಾನು ಬಾಯಿ ಮುಚ್ಚಿಕೊಂಡಿದ್ದ ಮೊದಲನೇ ಕೇಕು ಇಷ್ಟು ಚೆನ್ನಾಗಿ ಬರಬೇಕಿತ್ತೇ ಎಂದು ಅನಿಸಿ, ಹಾಗನಿಸಿದ್ದಕ್ಕೆ ನಾಚಿಕೆಯಾಯಿತು.

ತಂಗಿಯ ಗಂಡ ಬಂದ. ಬಾಗಿಲಲ್ಲೇ ನಿಂತು ವಾಸನೆ ಎಳೆದುಕೊಂಡು, “ಓಹೋ, ಇವತ್ತು ಟೀವೀಲಿ ಒಳ್ಳೆ ಸಿನಿಮಾನೇ ಬಂದಿರೋ ಹಾಗಿದೆ,” ಎಂದ. ಕೇಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ತಂಗಿ ಪಾತ್ರೆಗಳನ್ನು ಸಿಂಕಿಗೆ ಹಾಕುತ್ತ, ತಿರುಗದೆ, “ಅಕ್ಕ ಬಂದು ಹೇಳ್ಕೊಟ್ಲು,” ಎಂದಳು.

ಅವಳು ತಂಗಿಯ ಬೆನ್ನನ್ನೇ ನೋಡಿದಳು. ಬೆನ್ನಿನಲ್ಲಿ ಏನೂ ಇರಲಿಲ್ಲ, ತಮಾಷೆಯೂ ಇಲ್ಲ, ಸೇಡೂ ಇಲ್ಲ. ಮಧ್ಯಾಹ್ನ ಫೋನು ಚೀಲಕ್ಕೆ ಹಾಕಿ ಏನನ್ನು ಉಳಿಸಿಕೊಂಡಿದ್ದಳೋ ಅದನ್ನೇ ತಂಗಿ ಈಗ ತೆಗೆದುಕೋ ಎಂದು ಕೊಡುತ್ತಿದ್ದಳು, ಉಳಿದ ಹಿಟ್ಟು ಕೊಟ್ಟ ಹಾಗೆ.

“ಮತ್ತೆ? ಇರೋ ಕೆಲಸವೇ ಅದಲ್ವಾ ಅವರದ್ದು,” ಎಂದ ಅವನು. ಬಟ್ಟೆ ಸುತ್ತಿದ್ದ ಅವಳ ಕೈ ಮೇಜಿನ ಕೆಳಗಿತ್ತು, ಅವನಿಗೆ ಕಾಣಲಿಲ್ಲ. “ಅತ್ತಿಗೆ, ಹಾಗೇ ಇನ್ನೊಂದು ಹೇಳಿ ಹೋಗಿ. ಬಿಸ್ಕತ್ತಿಗೆ ಯಾವ ಚಿತ್ರಕ್ಕೆ ತಿರುಗಿಸ್ಬೇಕು?”

ಪಾಠ ಪೂರ್ತಿ ಗಂಟಲಿಗೆ ಬಂತು, ಎಡಗೈ ತಾನಾಗಿ ಸೊಂಟಕ್ಕೆ ಹೋಯಿತು.

“ಗೊತ್ತಿಲ್ಲ,” ಎಂದಳು.

ಅವನು ಜೋರಾಗಿ ನಕ್ಕ. “ಕೇಳಿದ್ಯೇನೇ? ನಿಮ್ಮಕ್ಕನಿಗೆ ಗೊತ್ತಿಲ್ವಂತೆ!”

“ಇಲ್ಲ, ನಿಜವಾಗ್ಲೂ ಗೊತ್ತಿಲ್ಲ,” ಎಂದಳು ಅವಳು, ಅಷ್ಟು ಚಿಕ್ಕ ಅಡುಗೆಮನೆಗೆ ಬೇಕಾದ್ದಕ್ಕಿಂತ ದೊಡ್ಡ ದನಿಯಲ್ಲಿ. “ನಾನು ಯಾವತ್ತೂ ಮಾಡಿಲ್ಲ. ಅವಳನ್ನ ಕೇಳಿ.”

ಅವನ ನಗು ಅರ್ಧಕ್ಕೆ ನಿಂತಿತು. ಸಿಂಕಿನ ಹತ್ತಿರ ತಂಗಿ ನಲ್ಲಿ ನಿಲ್ಲಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತ ಈ ಕಡೆ ತಿರುಗಿದಳು.